ಒಂದು ನಂಬರ್ ದೊಡ್ಡದು

ಮುಹರಕ್‌ನಲ್ಲಿ ನಮ್ಮ ಕೋಣೆಯ ಮೇಲೆಯೇ ವಿಮಾನಗಳ ದಾರಿ.
ಇಳಿಯುವುದು ಯಾವುದು, ಏರುವುದು ಯಾವುದು,
ಕಿಟಕಿಯ ಗಾಜು ನಡುಗುವ ಬಗೆಯಲ್ಲೇ ನಮಗೆ ಗೊತ್ತು.
ಇದಿನಬ್ಬನ ಪಾಸ್‌ಪೋರ್ಟು ಲಾಂಡ್ರಿಯ ಮುದೀರನ ಕಪಾಟಿನಲ್ಲಿ,
ಮುದೀರ ಕೈರೋದಲ್ಲಿ, ಕಪಾಟಿನ ಕೀ ಅವನ ಜೇಬಿನಲ್ಲಿ.
ಊರಿನ ಫೋನು ಬಂದದ್ದು ಅಸರ್ ಹೊತ್ತಿಗೆ.
ಅಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು.
ಮಿಸ್ರಿಯಾ. ಆರು ವರ್ಷ. ಮೂರು ದಿನದ ಜ್ವರ.

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದನಂತೆ.
ಯಾರದೋ ಬಿಳಿ ತೋಬಿನ ಒಂದು ತೋಳು ಇನ್ನೂ ಬಾಕಿಯಿತ್ತಂತೆ.

ಮೊದಲು ಬಾಯಿ ತೆರೆದವನು ನಾನು.
ನನಗೆ ಬ್ಯಾರಿ ಭಾಷೆ ಬರುತ್ತದೆ,
ಮೂಡುಬಿದಿರೆಯಲ್ಲಿ ಅವರ ಅಂಗಳದಲ್ಲೇ ಗೋಲಿಯಾಡಿದವನು,
ಆ ಸೊಕ್ಕು.
ಹಣೆಯಲ್ಲಿ ಬರೆದದ್ದು ಮಾರಾಯ, ಎಂದೆ.
ಇನ್ನೂ ಇಬ್ಬರಿದ್ದಾರಲ್ಲ, ಎಂದೆ.
ಕೋಲ್ಡ್ ಸ್ಟೋರಿನ ಲೆಕ್ಕ ಬರೆಯುವವನಲ್ಲವೇ,
ಮೂರರಲ್ಲಿ ಒಂದು ಕಳೆದು ಉಳಿದದ್ದನ್ನು ತೋರಿಸಿದೆ.
ಕೆಳಗಿನ ಮಹಡಿಯ ಹಿರಿಯರು ಬಂದು ತಲೆ ಸವರಿದರು:
ಪ್ರೀತಿಸುವವರನ್ನೇ ಅವನು ಪರೀಕ್ಷೆ ಮಾಡುವುದು.
ಇದಿನಬ್ಬ ತಲೆಯೆತ್ತಿ, ಮಗುವಿನ ಹಾಗೆ, ಕೇಳಿದ:
ಅಷ್ಟೊಂದು ಪ್ರೀತಿ ಯಾಕೆ?

ಆ ರಾತ್ರಿ ಅವನು ನಮಾಜಿನ ಚಾಪೆ ಹಾಸಿದ. ನಿಲ್ಲಲಿಲ್ಲ.
ಅಂಚಿನಲ್ಲಿ ಕೂತ. ಬಾಗಲಿಲ್ಲ.
ಸುತ್ತಿಯೂ ಇಡಲಿಲ್ಲ.
ಒಂಬತ್ತು ದಿನ ಅದು ಹಾಗೇ ಬಿದ್ದಿತ್ತು, ಎರಡು ಮಂಚಗಳ ನಡುವೆ,
ಪಾತ್ರೆ ಹಿಡಿದು, ಬಕೆಟ್ ಹಿಡಿದು, ಆರು ಜನ ನಾವು
ಗೋಡೆಗೆ ಬೆನ್ನು ಉಜ್ಜಿಕೊಂಡು ದಾಟಿದೆವು.

ತೋಫಜ್ಜಲ್ ಎಂಬವನೊಬ್ಬ ಬಾಂಗ್ಲಾದವನು, ಭೋಲಾ ದ್ವೀಪದವನು,
ರಾತ್ರಿ ಹೊತ್ತು ತಂತಿ ಹೆಣೆದು ಮೀನಿನ ಗರ್ಗೂರ್ ಕಟ್ಟುವವನು.
ಅವನ ಹಿಂದಿಗೆ ಹತ್ತೇ ಶಬ್ದ, ಅದರಲ್ಲಿ ನಾಲ್ಕು ಬೈಗುಳ.
ಒಂಬತ್ತನೆಯ ರಾತ್ರಿ ಇಕ್ಕಳ ಕೆಳಗಿಟ್ಟು
ಚಾಪೆಯ ಈಚೆ ಅಂಚಿಗೆ ಬಂದು ಕೂತ.
ಬೇಟಿ, ಅಂದ. ನಾಮ್?

ಅಷ್ಟೇ.
ಇದಿನಬ್ಬ ಹೆಸರು ಹೇಳಿದ,
ಹೇಳಿದ ಮೇಲೆ ನಿಲ್ಲಲಿಲ್ಲ.
ಬ್ಯಾರಿಯಲ್ಲೇ, ಒಂದೇ ಸಮನೆ, ನೀರಿನ ಟ್ಯಾಂಕಿಯ ಬುಡ ಬಿರಿದ ಹಾಗೆ.
ನಾನು ಮೇಲಿನ ಮಂಚದಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದೆ,
ಬೆಳಗ್ಗೆ ಐದಕ್ಕೆ ಲಾರಿ ಬರುವುದಿತ್ತು,
ಹಾಲಿನ ಕ್ರೇಟು, ಕೋಳಿಯ ಪೆಟ್ಟಿಗೆ ಎಣಿಸುವುದಿತ್ತು.
ಕಿವಿಯ ಮೇಲೆ ದಿಂಬು ಒತ್ತಿಕೊಂಡೆ.

ಲಾರಿಗೆ ಇಳಿಯುವಾಗ ತೋಫಜ್ಜಲ್ ಮೆಟ್ಟಿಲಲ್ಲಿ ಹಿಡಿದ,
ಕಣ್ಣು ಕೆಂಡದಂತಿತ್ತು, ನಿದ್ದೆಯಿಲ್ಲದ್ದೋ, ಏನೋ.
ನಂಬರ್, ನಂಬರ್ ಅಂದ, ಹನ್ನೊಂದು ಸಲ.
ಎಣಿಸಿದ್ದೇನೆ.
ಯಾರ ನಂಬರ್? ಫೋನು ಹಚ್ಚಬೇಕೇ? ದುಡ್ಡು ನಾನು ಹಾಕುತ್ತೇನೆ.

ಭಾಷೆ ಬಲ್ಲವನು ನಾನು.
ಮೂರು ಗೇಣು ಮೇಲೆ ಮಲಗಿದ್ದವನು ನಾನು.
ನನಗೆ ಒಂದು ಸಲವೂ ಕೇಳಿಸಿರಲಿಲ್ಲ.

ವಾಪಸು ಹತ್ತಿ ಹೋಗಿ ಕೇಳಿದೆ, ನಾಲಿಗೆ ಒಣಗಿತ್ತು.
ಇದಿನಬ್ಬ ಮಂಚದಡಿಯ ಪೆಟ್ಟಿಗೆ ಎಳೆದ.
ನಡೆದರೆ ಹಿಮ್ಮಡಿಯಲ್ಲಿ ಕೆಂಪು ದೀಪ ಮಿನುಗುವ ಚಪ್ಪಲಿ.
ರಜೆ ಸಿಗುವಷ್ಟರಲ್ಲಿ ಕಾಲು ಬೆಳೆದಿರುತ್ತದೆಂದು
ಒಂದು ನಂಬರ್ ದೊಡ್ಡದು ತೆಗೆದಿದ್ದ.
ಫೋನಿನಲ್ಲಿ ಅವಳು ಜಗಳ ತೆಗೆದಿದ್ದಳಂತೆ,
ಈಗಿನ ನಂಬರಿನದೇ ಬೇಕು ವಾಪ, ಈಗಿನದೇ.

ಕೆಳಗೆ ಲಾರಿ ಹಾರನ್ ಹಾಕುತ್ತಲೇ ಇತ್ತು.
ನಾನು ಏನೂ ಹೇಳಲಿಲ್ಲ. ಹೇಳಲು ಇತ್ತು, ಹೇಳಲಿಲ್ಲ.
ನೆಲದಲ್ಲಿ ಕೂತೆ, ಸಿಮೆಂಟು ಆ ಹೊತ್ತಿಗೇ ಬೆಚ್ಚಗಿತ್ತು.
ತೋಫಜ್ಜಲ್ ಚಪ್ಪಲಿಯನ್ನು ಎರಡೂ ಅಂಗೈಯಲ್ಲಿ ತೆಗೆದುಕೊಂಡು
ಚಾಪೆಯ ಅಂಚಿನಾಚೆ ಜೋಡಿಸಿಟ್ಟ,
ಯಾರೋ ಈಗಷ್ಟೇ ಕಳಚಿಟ್ಟು
ಚಾಪೆಗೆ ಕಾಲಿಟ್ಟ ಹಾಗೆ.
ಇಡುವ ಆ ಸಣ್ಣ ಪೆಟ್ಟಿಗೆ
ದೀಪ ಎರಡು ಸಲ ಮಿನುಗಿ ಆರಿತು.

ಬಾಂಗು ಆಯಿತು.
ಹಿಂದೆ ಬಟ್ಟೆ ಸರಿದ ಸದ್ದು, ಮೊಣಕಾಲಿನ ಕೀಲಿನ ಸದ್ದು.
ಅವನು ನಿಂತನೋ, ಬಾಗಿದನೋ, ಬರೀ ಮಗ್ಗುಲು ಬದಲಿಸಿದನೋ,
ನಾನು ತಿರುಗಿ ನೋಡಲಿಲ್ಲ.
ಮೇಲೆ ವಿಮಾನವೊಂದು ಏರುತ್ತಿತ್ತು,
ಗಾಜು ನಡುಗಿ ನಿಲ್ಲುವ ತನಕ
ಕೇಳುತ್ತ ಕೂತೆ.